ನಾಲ್ಕು ಸಾಲು ಮಾರುತಿ

ಸಿಇಟಿ ಮುಗಿದ ವಾರವೇ ನನ್ನ ತಮ್ಮ ಕೊಡ್ಲಿಯಿಂದ ಬಸ್ಸು ಹತ್ತಿ ಸೇಡಂನ ನನ್ನ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ ತೊಗರಿ ಬೇಳೆ, ಮುಖದಲ್ಲಿ ಚಿಂತೆ. ಚಹಾ ಕುಡಿದು ಮುಗಿಸುವ ತನಕ ಬಿಸಿಲಿನ ಮಾತು, ಸಂಬಂಧಿಕರ ಮದುವೆಯ ಮಾತು. ಆಮೇಲೆ ಕಪ್ಪು ಕೆಳಗಿಟ್ಟು ಹೇಳಿದ: "ಅಣ್ಣಾ, ಮಗಳು ಹಟ ಹಿಡದಾಳ. ಇಂಜಿನಿಯರಿಂಗ್ ಬ್ಯಾಡಂತ. ಅಗ್ರಿ ಬಿಎಸ್ಸಿ ಮಾಡ್ತೀನಿ, ಆಮ್ಯಾಲ ರಿಸರ್ಚ್ ಮಾಡ್ತೀನಿ ಅಂತಾಳ. ಹೊಲ ಬ್ಯಾಡಂತ ಸಾಲಿ ಕಲಸಿದ್ರ, ಸಾಲಿ ಕಲ್ತು ಮತ್ತ ಹೊಲಕ್ಕೇ ಬರ್ತೀನಂದ್ರ ಹ್ಯಾಂಗ? ನೀನೇ ಒಂದ್ ಮಾತ್ ಹೇಳು."

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪಿಯು ಹುಡುಗರಿಗೆ ಸಸ್ಯಶಾಸ್ತ್ರ ಪಾಠ ಹೇಳಿದವನು. ಹೀಗೆ ಬರುವ ತಂದೆತಾಯಿಗಳಿಗೆ ಸಾಮಾನ್ಯವಾಗಿ ಅವರು ಕೇಳಬೇಕೆಂದಿರುವುದನ್ನೇ ಹೇಳಿ ಕಳಿಸುವುದು ನನ್ನ ಪದ್ಧತಿ. ಅದರಲ್ಲಿ ಯಾರಿಗೂ ತೊಂದರೆಯಿಲ್ಲ ನೋಡಿ. ಆದರೆ ಈ ಸಲ ಬಾಯಿ ಬರಲಿಲ್ಲ. ಏಕೆಂದರೆ ಈ ಹಟದ ಬೇರು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದು ನಮ್ಮ ಹಳ್ಳದ ದಂಡೆಯ ಎರೆ ಹೊಲದಲ್ಲಿದೆ, ಮತ್ತು ಅದರಲ್ಲಿ ನನ್ನದೂ ಒಂದು ಪಾಲಿದೆ.

ತೊಗರಿ ಗಿಡಕ್ಕೆ ನೆಟೆ ಹತ್ತುವುದನ್ನು ನಮ್ಮ ಕಡೆಯ ಓದುಗರು ನೋಡಿರುತ್ತಾರೆ. ಪುಸ್ತಕದವರು ಅದನ್ನು ಸೊರಗು ರೋಗ ಎನ್ನುತ್ತಾರೆ. ಗಿಡ ಎದೆಯೆತ್ತರ ಬೆಳೆದು, ಹೂವಾಗಿ, ಇನ್ನೇನು ಕಾಯಿ ಕಟ್ಟಬೇಕು ಎನ್ನುವಾಗ ಎಲೆ ಬಾಡಲು ತೊಡಗುತ್ತದೆ. ಭೂಮಿಯಲ್ಲಿ ಹಸಿಯಿದ್ದರೂ ನೀರಿಲ್ಲದಂತೆ ಒಣಗುತ್ತದೆ. ಬುಡದಿಂದ ಮೇಲಕ್ಕೆ ಒಂದು ನೇರಳೆ ಬಣ್ಣದ ಪಟ್ಟಿ ಏರುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ಕೊಳವೆಗಳನ್ನೇ ಕಟ್ಟಿಬಿಡುವುದರಿಂದ ಹೀಗಾಗುತ್ತದೆ. ವಿಜ್ಞಾನಿ ಬಟ್ಲರ್ 1906ರಲ್ಲಿ ಬಿಹಾರದಲ್ಲಿ ಇದನ್ನು ಮೊದಲು ಗುರುತಿಸಿದ. ನಮ್ಮ ಅಪ್ಪನಿಗೆ ಬಟ್ಲರ್ ಗೊತ್ತಿರಲಿಲ್ಲ. "ಭೂಮಿಗಿ ನೆಟಿ ಹತ್ಯಾದ" ಎನ್ನುತ್ತಿದ್ದ, ಅಷ್ಟೆ. ಸತ್ತ ಗಿಡ ಕಿತ್ತು ಬದುವಿಗೆ ಎಸೆಯುತ್ತಿದ್ದ. ಕೊಳೆತ ಬುಡದಲ್ಲಿ ಆ ಶಿಲೀಂಧ್ರ ಮೂರು ವರ್ಷ ಬದುಕಿರಬಲ್ಲದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

1987ರಲ್ಲಿ ನಾನು ಗುಲಬರ್ಗಾದಲ್ಲಿ ಬಿಎಸ್ಸಿ ಓದುತ್ತಿದ್ದೆ. ಹಿಂದಿನ ವರ್ಷವಷ್ಟೇ ಕರ್ನಾಟಕದಲ್ಲಿ 'ಮಾರುತಿ' ಎಂಬ ತೊಗರಿ ತಳಿ ಬಿಡುಗಡೆಯಾಗಿತ್ತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಆರಿಸಿ ತೆಗೆದ ತಳಿ ಅದು. ನೆಟೆ ಹತ್ತುವುದಿಲ್ಲ ಎಂಬುದೇ ಅದರ ದೊಡ್ಡಸ್ತಿಕೆ. ಮಿರಗದ ಮಳೆಗೆ ಮೊದಲು ನಾನು ಐದು ಕಿಲೋ ಬೀಜದ ಚೀಲವನ್ನು ಹೆಗಲ ಮೇಲೆ ಹೊತ್ತು ಊರಿಗೆ ತಂದೆ. ಊರನ್ನೇ ಉದ್ಧಾರ ಮಾಡಲು ಹೊರಟವನ ಠೀವಿಯಿತ್ತು ನನಗೆ.

ಅಪ್ಪ ಬೊಗಸೆಯಲ್ಲಿ ಹಿಡಿದು ನೋಡಿದ. ಒಂದು ಕಾಳು ಬಾಯಿಗೆ ಹಾಕಿ ಕಡಿದ.

"ಇದಕ್ಕ ನೆಟಿ ಹತ್ತಂಗಿಲ್ಲ ಅಂತ ಹೇಳಿದವ್ರಿಗಿ ಹೊಲ ಅದ ಏನು?"

"ಅದ. ಪಟಾನ್‌ಚೆರುವಿನಾಗ."

"ಆ ಹೊಲದಾಗ ನೆಟಿ ಅದ ಏನು?"

ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಒಳ್ಳೆಯ ಹೊಲದಲ್ಲಿ ಆ ಬೀಜ ಬಿತ್ತಲಿಲ್ಲ. ಪ್ರತಿವರ್ಷ ಗಿಡ ಸಾಯುತ್ತಿದ್ದ ಹಳ್ಳದ ದಂಡೆಯ ಪಟ್ಟಿಯನ್ನೇ ಆರಿಸಿಕೊಂಡ. ನಾಲ್ಕು ಸಾಲು ಮಾರುತಿ, ನಾಲ್ಕು ಸಾಲು ನಮ್ಮ ಮನೆಯ ಬೀಜ, ಮತ್ತೆ ನಾಲ್ಕು ಸಾಲು ಮಾರುತಿ. ನನಗೆ ಅವಮಾನವಾದಂತಾಯಿತು. ಸರ್ಕಾರವೇ ಬಿಡುಗಡೆ ಮಾಡಿದ ಬೀಜಕ್ಕೆ ಹೀಗೆ ಪರೀಕ್ಷೆ ಇಡುವುದೇ ಎಂದು ಅವ್ವನ ಮುಂದೆ ಗೊಣಗಿದೆ. ಪ್ರಯೋಗವೆಂದರೆ ಹೋಲಿಕೆಗೆ ಪಕ್ಕದಲ್ಲೊಂದು ಸಾಲು ಇರಲೇಬೇಕೆಂದು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಅದೇ ಪಾಠ ನಮ್ಮ ಹೊಲದಲ್ಲಿ ನಡೆಯುತ್ತಿದ್ದರೂ ಗುರುತು ಹತ್ತಲಿಲ್ಲ.

ದೀಪಾವಳಿ ಕಳೆಯುವಷ್ಟರಲ್ಲಿ ಹೊಲಕ್ಕೆ ಪಟ್ಟೆ ಪಟ್ಟೆ ಬಣ್ಣ ಬಂದಿತ್ತು. ನಾಲ್ಕು ಸಾಲು ಹಸಿರು, ನಾಲ್ಕು ಸಾಲಿನಲ್ಲಿ ಅಲ್ಲಲ್ಲಿ ಒಣ ಕಟ್ಟಿಗೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರಿಗೂ ಭಾಷಣ ಬೇಕಾಗಲಿಲ್ಲ. ರಾಶಿಯಾದ ಮೇಲೆ ಅಪ್ಪ ಸೇರಿನಲ್ಲಿ ಅಳೆದು ಬೀಗರಿಗೆ, ನೆರೆಯವರಿಗೆ ಬೀಜ ಕೊಟ್ಟ. ಅವರು ಮುಂದಿನ ವರ್ಷ ಇನ್ನೊಬ್ಬರಿಗೆ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಮಾರುತಿ ಹರಡಿದ್ದು ಹೆಚ್ಚಾಗಿ ಹೀಗೆಯೇ, ಕೈಯಿಂದ ಕೈಗೆ. ಬಟ್ಲರ್ ರೋಗ ಗುರುತಿಸಿದ್ದಕ್ಕೂ ಮಾರುತಿ ಬಿಡುಗಡೆಯಾದದ್ದಕ್ಕೂ ನಡುವೆ 80 ವರ್ಷ. ಆದರೆ ಊರೊಳಗೆ ಹರಡಲು ಮೂರೋ ನಾಲ್ಕೋ ಸುಗ್ಗಿ ಸಾಕಾಯಿತು.

ಈಗ ಎಲ್ಲರೂ ಜ್ಞಾನಾಧಾರಿತ ಆರ್ಥಿಕತೆ ಎನ್ನುತ್ತಾರಲ್ಲ, ಆ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಐದು ಕಿಲೋ ಚೀಲ. ನಮ್ಮ ಸೀಮೆ ತೂಕದ ವ್ಯಾಪಾರಕ್ಕೆ ಹೆಸರಾದದ್ದು. ವಾಡಿ, ಸೇಡಂ ಕಡೆಯ ಸುಣ್ಣದ ಕಲ್ಲು ಸಿಮೆಂಟಾಗಿ ರೈಲು ಹತ್ತುತ್ತದೆ. ಶಹಾಬಾದಿನ ಫರ್ಸಿ ಯಾವ ಯಾವ ಊರಿನ ಪಡಸಾಲೆಯಲ್ಲೋ ಮಲಗಿದೆ. ತೆಗೆದಷ್ಟೂ ಗುಂಡಿ ಆಳವಾಗುತ್ತದೆ. ಆದರೆ ಮಾರುತಿಯ ಐದು ಕಿಲೋಗೂ ಗಂಜಿನ ತೊಗರಿಯ ಐದು ಕಿಲೋಗೂ ತಕ್ಕಡಿಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಳಗೆ ಸೇರಿಸಿದ ತಿಳಿವಳಿಕೆಯಲ್ಲಿ. ಅದನ್ನು ಅಪ್ಪ ಊರಿಗೆಲ್ಲ ಕೊಟ್ಟರೂ ನಮ್ಮ ಮನೆಯಲ್ಲಿ ಕಡಿಮೆಯಾಗಲಿಲ್ಲ.

ಇನ್ನು ನನ್ನ ಪಾಲಿನ ವಿಷಯ. ಮಾರುತಿ ಗೆದ್ದ ಮೂರನೆಯ ವರ್ಷ ಬೇಸಿಗೆ ರಜೆಗೆ ಬಂದಾಗ, ಅಟ್ಟದ ಮೇಲೆ ಬೂದಿ ಬೆರೆಸಿಟ್ಟ ಹಳೆಯ ಬೀಜದ ಗಡಿಗೆ ಕಂಡಿತು. ಮುತ್ಯಾನ ಕಾಲದಿಂದ ಬಂದ ಬೀಜ ಅದು. ಕಾಳು ಸಣ್ಣ, ಸ್ವಲ್ಪ ಕಂದು ಬಣ್ಣ. "ಅವ್ವಾ, ಇದನ್ಯಾಕ ಇಟ್ಟೀದಿ? ರೋಗದ ಬೀಜ ಇದು, ಬ್ಯಾಳಿ ಮಾಡಿಬಿಡು" ಎಂದೆ. ಅವ್ವ ಎರಡು ಸಲ ಕೇಳಿದಳು, "ಖರೇನೇ?" ಎಂದು. ಓದಿದ ಮಗ ಹೇಳಿದ್ದಾನೆಂದು ಕಡೆಗೆ ಬೀಸುವ ಕಲ್ಲಿಗೆ ಹಾಕಿದಳು. ಬೇಳೆ ರುಚಿಯಾಗಿತ್ತು, ಅದೂ ನೆನಪಿದೆ.

1994ರಲ್ಲಿ, ಮೇಷ್ಟ್ರಾದ ಮೇಲೆ, ಹುಡುಗರನ್ನು ಕರೆದುಕೊಂಡು ಪಟಾನ್‌ಚೆರುವಿಗೆ ಹೋದೆ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಆ ಹೊಲದಲ್ಲಿ ನೆಟೆ ಇತ್ತು, ಬೇಕೆಂದೇ ಬೆಳೆಸಿದ್ದರು! ರೋಗ ಬಂದ ಗಿಡದ ಬುಡಗಳನ್ನು ಕತ್ತರಿಸಿ ಮಣ್ಣಿಗೆ ಬೆರೆಸಿ, ರೋಗಕ್ಕೆ ತುತ್ತಾಗುವ ತಳಿಯನ್ನೇ ಅಲ್ಲಿ ಮತ್ತೆ ಮತ್ತೆ ಬಿತ್ತಿ, ಆ ತಾಕು ಪೂರ್ತಿ ಕೆಡುವಂತೆ ಮಾಡುತ್ತಾರೆ. ಆಮೇಲೆ ಬೇರೆ ಬೇರೆ ತಳಿ ತಂದು ಅಲ್ಲಿ ಬಿತ್ತುವುದು, ಬದುಕಿದ್ದನ್ನು ಆರಿಸಿಕೊಳ್ಳುವುದು. ನಡುನಡುವೆ ಸಾಯುವ ತಳಿಯ ಸಾಲೊಂದು ಹೋಲಿಕೆಗೆ. ನಮ್ಮ ಹಳ್ಳದ ದಂಡೆಯ ಪಟ್ಟಿಯೇ ದೊಡ್ಡದಾಗಿ ಕಣ್ಣ ಮುಂದೆ ಬಂದಂತಾಯಿತು.

ಅಲ್ಲಿ ಇನ್ನೊಂದು ತಾಕು ಇತ್ತು, ಗೊಡ್ಡು ರೋಗದ್ದು. ಈ ರೋಗ ಬಂದರೆ ಗಿಡ ಸಾಯುವುದಿಲ್ಲ. ಎಲೆ ಸಣ್ಣದಾಗಿ, ಹಳದಿ ಹಸಿರು ಮಚ್ಚೆಯಾಗಿ, ಪೊದೆಯಂತೆ ಬೆಳೆದು ನಿಲ್ಲುತ್ತದೆ, ಹೂವಿಲ್ಲ, ಕಾಯಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಹರಡುತ್ತದೆ. ಈ ರೋಗವನ್ನು ಪರೀಕ್ಷಿಸುವ ವಿಧಾನ ಕೇಳಿ ನನ್ನ ಹುಡುಗರು ನಕ್ಕೇ ನಕ್ಕರು. ರೋಗದ ಗಿಡದ ಎಲೆ ಕಿತ್ತು ಸಸಿಯ ಎಲೆಗೆ ಸ್ಟೇಪ್ಲರ್‌ನಿಂದ ಪಿನ್ನು ಹೊಡೆಯುವುದು, ನಾವು ಉತ್ತರಪತ್ರಿಕೆಗೆ ಹೊಡೆದ ಹಾಗೆ. ಎಲೆ ಒಣಗಿದಾಗ ನುಸಿ ಸಸಿಗೆ ದಾಟುತ್ತದೆ. ಕೋಟಿಯ ಯಂತ್ರವಿಲ್ಲದೆಯೂ ಒಳ್ಳೆಯ ಸಂಶೋಧನೆಯಾಗುತ್ತದೆ ಎಂಬುದಕ್ಕೆ ನಾನು ಕ್ಲಾಸಿನಲ್ಲಿ ಇದನ್ನೇ ಹೇಳುತ್ತಾ ಬಂದಿದ್ದೇನೆ.

ಆದರೆ ಆ ತಾಕಿನಲ್ಲಿ ನಗು ಮುಗಿಯುವ ಮೊದಲೇ ಇನ್ನೊಂದು ಮಾತು ಕಿವಿಗೆ ಬಿತ್ತು. ಗೊಡ್ಡು ರೋಗಕ್ಕೆ ಬೇಗ ತುತ್ತಾಗುವ ತಳಿಯೆಂದು ಅಲ್ಲಿ ಗುರುತಿಗೆ ಬಿತ್ತಿದ್ದ ತೊಗರಿ ಯಾವುದು ಗೊತ್ತೇ? ನಮ್ಮ ಮಾರುತಿ. ನೆಟೆಯನ್ನು ಗೆದ್ದ ಬೀಜ ಗೊಡ್ಡಿನ ಮುಂದೆ ನಿಲ್ಲುವುದಿಲ್ಲ. ಎರಡನ್ನೂ ತಡೆಯುವ 'ಆಶಾ' ಎಂಬ ತಳಿ ಅದಾಗಲೇ 1993ರಲ್ಲಿ ಬಿಡುಗಡೆಯಾಗಿತ್ತು. ಊರಿಗೆ ಬಂದು ಅಪ್ಪನಿಗೆ ಇದನ್ನು ಹೇಳಬೇಕಿತ್ತು. ನಾನು ಹೇಳಲಿಲ್ಲ. ನಮ್ಮ ಹೊಲದಲ್ಲಿ ಆ ರೋಗ ಇಲ್ಲವಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮಾರುತಿ ತಂದವನು ಎಂದು ಊರಲ್ಲಿ ನನಗಿದ್ದ ಹೆಸರನ್ನು ನಾನೇ ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಎರಡು ವರ್ಷದ ಮೇಲೆ ಗೊಡ್ಡು ಬಂತು. ಹೊಲ ಹಚ್ಚಗೆ ಕಾಣುತ್ತಿತ್ತು, ಒಂದು ಕಡೆ ಕಾಯಿಯೇ ಇಲ್ಲ. ಅಪ್ಪ ಸಿಟ್ಟಾಗಲಿಲ್ಲ. "ಇದು ನಿಮ್ಮ ಪುಸ್ತಕದಾಗ ಬರದಿದ್ದಿಲ್ಲೇನು?" ಎಂದು ಒಂದೇ ಮಾತು ಕೇಳಿದ. ಬರೆದಿತ್ತು. ಆದರೆ ಪುಸ್ತಕದಿಂದ ಹೊಲಕ್ಕೆ ಬರುವ ದಾರಿಯಲ್ಲಿ ನಾನು ಕೂತಿದ್ದೆ. ಅಪ್ಪ 2009ರಲ್ಲಿ ತೀರಿಕೊಂಡ; ಆ ಪ್ರಶ್ನೆಗೆ ಉತ್ತರ ಕೊಡುವುದು ಹಾಗೆಯೇ ಉಳಿಯಿತು.

ಈ ಗೊಡ್ಡು ರೋಗದ ಕಥೆ ಹುಡುಗರಿಗೆ ಹೇಳಲೇಬೇಕಾದದ್ದು. ಅದು ಬಿಹಾರದಲ್ಲಿ ವರದಿಯಾದದ್ದು 1931ರಲ್ಲಿ. ನುಸಿ ಹರಡುತ್ತದೆ ಎಂದು ತಿಳಿದಿತ್ತು, ಆದರೆ ಹರಡುವುದು ಏನನ್ನು? ವೈರಸ್ ಇರಬೇಕೆಂದು ಊಹಿಸಿದರು, ಹುಡುಕಿದರು, ಕೈಗೆ ಸಿಗಲಿಲ್ಲ. ಕಡೆಗೆ ಅದು ಸಿಕ್ಕಿದ್ದು 2000ದ ಆಸುಪಾಸಿನಲ್ಲಿ, ಪಟಾನ್‌ಚೆರು ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಕೆಲಸ ಮಾಡಿದಾಗ. ಹತ್ತಿರ ಹತ್ತಿರ ಎಪ್ಪತ್ತು ವರ್ಷ! ಮೂರು ವರ್ಷದ ಯೋಜನೆ, ವರ್ಷಕ್ಕೊಮ್ಮೆ ವರದಿ ಎನ್ನುವ ಲೆಕ್ಕದಲ್ಲಿ ಇಂಥ ಕೆಲಸ ಎಲ್ಲಿ ಕೂರುತ್ತದೆ?

ದುಡ್ಡಿನ ಮಾತೂ ಬರಲಿ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು 2020-21ರ ಲೆಕ್ಕದಲ್ಲಿ ಒಟ್ಟು ಉತ್ಪನ್ನದ ಶೇ. 0.64. ದಕ್ಷಿಣ ಕೊರಿಯಾ ಶೇ. 4ಕ್ಕಿಂತ ಹೆಚ್ಚು ಹಾಕುತ್ತದೆ. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಕಾನೂನಾಯಿತು. 2025ರಲ್ಲಿ ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡಲು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಬೇಡವೆನ್ನಲು ನಾನು ಯಾರು? ಆದರೆ ತೊಗರಿಯಂಥ ಬೆಳೆಗೆ ಸಾಲ ಕೊಟ್ಟರೆ ಕಂಪನಿ ಬರುತ್ತದೆಯೇ? ರೈತ ಒಮ್ಮೆ ಕೊಂಡು, ಬೆಳೆದದ್ದರಲ್ಲೇ ಬೀಜ ಇಟ್ಟುಕೊಳ್ಳುತ್ತಾನೆ, ನೆರೆಯವನಿಗೂ ಕೊಡುತ್ತಾನೆ. 2001ರ ಕಾನೂನು ಅವನಿಗೆ ಆ ಹಕ್ಕನ್ನು ಕೊಟ್ಟಿದೆ, ಕೊಡಲೇಬೇಕು ಕೂಡ. ಎರಡನೇ ವರ್ಷ ಗಿರಾಕಿಯೇ ಇಲ್ಲದ ವ್ಯಾಪಾರಕ್ಕೆ ಯಾವ ಸಾಹುಕಾರ ಹತ್ತು ವರ್ಷ ದುಡ್ಡು ಹಾಕುತ್ತಾನೆ? ಅದಕ್ಕೇ ಇಂಥ ಸಂಶೋಧನೆಯ ಭಾರ ಸಾರ್ವಜನಿಕರ ಹಣದ ಮೇಲೆಯೇ ಬೀಳುತ್ತದೆ.

ಹೈಬ್ರಿಡ್ ಮಾಡಿದರೆ ಗಿರಾಕಿ ವರ್ಷವೂ ಬರುತ್ತಾನಲ್ಲ ಎನ್ನಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಜಗತ್ತಿನ ಮೊದಲ ತೊಗರಿ ಹೈಬ್ರಿಡ್ 1991ರಲ್ಲಿ ನಮ್ಮ ದೇಶದಲ್ಲೇ ಬಿಡುಗಡೆಯಾಯಿತು. ಇಳುವರಿ ಚೆನ್ನಾಗಿತ್ತು. ಆದರೆ ಅದರ ಬೀಜ ತಯಾರಿಸುವ ಹೊಲದಲ್ಲಿ, ಹೂ ಬಿಡುವ ಹೊತ್ತಿಗೆ ಹೆಣ್ಣು ಸಾಲಿನ ಪ್ರತಿ ಗಿಡದ ಹೂ ಬಿಡಿಸಿ ನೋಡಿ, ಅರ್ಧದಷ್ಟು ಗಿಡ ಕಿತ್ತು ಹಾಕಬೇಕಿತ್ತು. ಅಷ್ಟು ಕೂಲಿ ಯಾರು ಕೊಡುತ್ತಾರೆ? ಪ್ರಯೋಗಾಲಯದಲ್ಲಿ ಗೆದ್ದದ್ದು ಬೀಜದ ಹೊಲದಲ್ಲಿ ಸೋತಿತು. ಆ ಕೀಳುವ ಕೆಲಸ ತಪ್ಪಿಸುವ ದಾರಿಯನ್ನು ವಿಜ್ಞಾನಿಗಳು ತೊಗರಿಯ ಕಾಡು ಬಂಧುವೊಂದರಲ್ಲಿ ಹುಡುಕಿ ತೆಗೆಯಲು ಮತ್ತೆ ಹದಿನೈದು ವರ್ಷದ ಹತ್ತಿರ ಹಿಡಿಯಿತು.

ನಮ್ಮ ಹುಡುಗಿಯ ಕಡೆ ಬರುತ್ತೇನೆ. 2022ರಲ್ಲಿ ಮಳೆ ಅತಿಯಾಗಿ, ಕಲಬುರಗಿ ಜಿಲ್ಲೆಯ ತುಂಬ ನೆಟೆ ಮತ್ತೆ ಬಂತು. ಪತ್ರಿಕೆಗಳಲ್ಲಿ ಬಂತು, ಸರ್ಕಾರ ಪರಿಹಾರವನ್ನೂ ಘೋಷಿಸಿತು. ನಮ್ಮ ಹಳ್ಳದ ದಂಡೆಯ ಪಟ್ಟಿಯೂ ಹೋಯಿತು. ಆಗ ಅವಳು ಹೈಸ್ಕೂಲಿನಲ್ಲಿದ್ದಳು. ಸತ್ತ ಗಿಡದ ಕಾಂಡ ಸೀಳಿ ಕಪ್ಪು ಗೆರೆ ತೋರಿಸಿ ಕೇಳಿದಳು:

"ದೊಡ್ಡಪ್ಪ, ಮುತ್ಯಾನ ಕಾಲದಾಗ ಈ ಬೀಜಕ್ಕ ನೆಟಿ ಹತ್ತತಿದ್ದಿಲ್ಲ ಅಂತೀರಿ. ಈಗ್ಯಾಕ ಹತ್ತಿತು?"

ನಾನು ಮೇಷ್ಟ್ರ ಧಾಟಿಯಲ್ಲಿ ವಿವರಿಸಿದೆ. ತೊಗರಿ ಹೂವಿಗೆ ಜೇನುಹುಳ ಬರುತ್ತದೆ, ಪಕ್ಕದ ಹೊಲದ ಪರಾಗ ತರುತ್ತದೆ. ಮೂವತ್ತು ವರ್ಷ ಅದೇ ಬೀಜ ಇಟ್ಟುಕೊಂಡರೆ ಹೆಸರು ಮಾರುತಿಯಾದರೂ ಒಳಗೆ ಬೇರೆ ತಳಿ ಬೆರೆತಿರುತ್ತದೆ. ಅಥವಾ ಶಿಲೀಂಧ್ರವೇ ಬೇರೆ ಬಗೆಯದಿರಬಹುದು. ಅದರಲ್ಲೂ ಹಲವು ಬಗೆಯಿವೆ. ಅಥವಾ ನಾವು ಜೋಳ ಬಿಟ್ಟದ್ದೂ ಇರಬಹುದು. ಮೊದಲು ಜೋಳದ ನಡುವೆ ತೊಗರಿ ಅಕ್ಕಡಿ ಹಾಕುತ್ತಿದ್ದೆವು. ಜೋಳದ ಜೊತೆ ಬೆಳೆದಾಗ ನೆಟೆ ಕಡಿಮೆಯೆಂದು ಪಟಾನ್‌ಚೆರುವಿನ ಪ್ರಯೋಗಗಳಲ್ಲೂ ಕಂಡಿತ್ತು. ಗಂಜಿನಲ್ಲಿ ತೊಗರಿಗೆ ಬೆಲೆ ಬಂದ ಮೇಲೆ ಹೊಲದ ತುಂಬ ತೊಗರಿಯೇ ಆಯಿತು, ವರ್ಷ ವರ್ಷವೂ.

"ಇವುಗಳಾಗ ಯಾವ್ದು?"

"ಗೊತ್ತಿಲ್ಲವ್ವ."

"ಮತ್ತ ಯಾರಿಗಿ ಗೊತ್ತದ?"

ಅದನ್ನು ತಿಳಿಯಬೇಕಾದರೆ ನಮ್ಮ ಹೊಲದ ಬುಡವನ್ನೇ ತೆಗೆದುಕೊಂಡು ಹೋಗಿ ಶಿಲೀಂಧ್ರ ಬೆಳೆಸಬೇಕು, ನಮ್ಮ ಬೀಜವನ್ನೇ ಹಲವು ವರ್ಷ ಪರೀಕ್ಷಿಸಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರು ಟಿಎಸ್-3ಆರ್‌ನಂಥ ಹೊಸ ತಳಿಗಳನ್ನು ಕೊಟ್ಟಿದ್ದಾರೆ, ನಮ್ಮ ಕಡೆ ಅವು ಹರಡಿಯೂ ಇವೆ. ಆದರೆ ಜಿಲ್ಲೆಯ ಲಕ್ಷಾಂತರ ಹೆಕ್ಟೇರಿಗೆ, ಹೊಲಕ್ಕೊಂದು ಪ್ರಶ್ನೆಗೆ, ಎಷ್ಟು ಜನ ವಿಜ್ಞಾನಿಗಳು? ಆಶಾ ತಳಿಯ ಜೀನುಗಳ ಪೂರ್ಣ ನಕ್ಷೆಯನ್ನು 2011ರಲ್ಲೇ ಓದಿದ್ದಾರೆ. 48 ಸಾವಿರಕ್ಕೂ ಮಿಕ್ಕಿದ ಜೀನುಗಳೆಂದು ಲೆಕ್ಕ. ಹಳ್ಳದ ದಂಡೆಯ ಮಣ್ಣನ್ನು ಓದಿದವರಿಲ್ಲ. 2019ರಲ್ಲಿ ನಮ್ಮ ಬೇಳೆಗೆ 'ಗುಲಬರ್ಗಾ ತೂರ್ ದಾಲ್' ಎಂಬ ಭೌಗೋಳಿಕ ಗುರುತೂ ಬಂತು. ಅದು ಬೇಳೆಯ ಚೀಲದ ಮೇಲಿನ ಮಾತು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಮುಚ್ಚಿಡದೆ ಇನ್ನೊಂದನ್ನೂ ಹೇಳಿದೆ. ಅಗ್ರಿ ಓದಿದ ಎಷ್ಟೋ ಹುಡುಗರು ಕಡೆಗೆ ಬ್ಯಾಂಕಿನ ಪರೀಕ್ಷೆ ಬರೆದು ಸಾಲದ ಅರ್ಜಿ ನೋಡುತ್ತಾ ಕೂತಿದ್ದಾರೆ. ಸಂಶೋಧನೆಯ ದಾರಿಯೆಂದರೆ ಎಂಎಸ್ಸಿ, ಪಿಎಚ್‌ಡಿ, ಆಮೇಲೆ ಗುತ್ತಿಗೆ ಕೆಲಸ. ಮೂವತ್ತು ವರ್ಷವಾದರೂ ಸಂಬಳ ನಿಲ್ಲದಿರಬಹುದು. ಕಂಪ್ಯೂಟರ್ ಓದಿದ ಗೆಳತಿಯರು ಅಷ್ಟರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟು ನೋಡುತ್ತಿರುತ್ತಾರೆ. "ಇದು ತಿಳದು ಹೋಗೂದಿದ್ರ ಹೋಗ್ಲಿ" ಎಂದೆ. ತಮ್ಮ ಬಹಳ ಹೊತ್ತು ಸುಮ್ಮನಿದ್ದು, "ನೀ ಬ್ಯಾಡನ್ನು ಅಂದ್ರ ಹೂಂ ಅಂದಂಗಾಯ್ತಲ್ಲ" ಎಂದು ಎದ್ದ.

ಕೃಷಿಕರ ಕೋಟಾದಲ್ಲಿ ಸೀಟು ಬೇಕಾದರೆ ಒಂದು ಪ್ರಾಯೋಗಿಕ ಪರೀಕ್ಷೆಯುಂಟು. ಬೀಜ, ಗಿಡ, ಉಪಕರಣ ಗುರುತಿಸಬೇಕು. ಅದಕ್ಕೆ ಎರಡು ದಿನ ಮೊದಲು ನಾನು ಕೊಡ್ಲಿಗೆ ಹೋಗಿದ್ದೆ. ಪಡಸಾಲೆಯ ಫರ್ಸಿಯ ಮೇಲೆ ಅವ್ವ ಮೊರದಲ್ಲಿ ಕಾಳು ಹರವಿಕೊಂಡು ಕೂತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂದ. ಬೆರಳಲ್ಲಿ ಮುಟ್ಟಿ ಮುಟ್ಟಿ ಮೊಮ್ಮಗಳನ್ನು ಕೇಳುತ್ತಿದ್ದಳು. ಇದ್ಯಾವ್ದು? ಕುಸುಬಿ. ಇದು? ಅಗಸಿ. ಇದು? ಪುಂಡಿ ಬೀಜ, ಆಯಿ. ಹೆಸರು, ಉದ್ದು, ಅಲಸಂದಿ, ಎಲ್ಲ ಮುಗಿದು ತೊಗರಿಗೆ ಬಂತು. ಹುಡುಗಿ ಕಾಳು ಎತ್ತಿ ಬೆಳಕಿಗೆ ಹಿಡಿದಳು.

"ತೊಗರಿ ಅದ. ಯಾವ ತೊಗರಿ ಆಯಿ?"

"ಈಗಿನ್ದು. ಮದಲಿನ್ದು ಸಣ್ಣಿರ್ತಿತ್ತು, ಕಂದಿರ್ತಿತ್ತು. ಇದ್ದಿದ್ರ ತೋರಸ್ತಿದ್ದೆ."

ಹುಡುಗಿ, "ಅದೆಲ್ಲಿ ಹೋಯ್ತು?" ಎಂದು ಕೇಳಿದಳು. ಪಟಾನ್‌ಚೆರುವಿನ ಬೀಜ ಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ಬಗೆಯ ತೊಗರಿ ಕಾಪಿಟ್ಟಿದ್ದಾರೆ, ಅದರಲ್ಲಿ ನಮ್ಮದೂ ಇರಬಹುದು ಎಂದು ಹೇಳಲು ಹೊರಟೆ. ಅವ್ವ ನನ್ನ ಕಡೆ ಮುಖ ತಿರುಗಿಸಿದ್ದಳು.

"ನಿಮ್ಮ ದೊಡ್ಡಪ್ಪಗ ಕೇಳು" ಎಂದಳು.